ಮಗಳು ಕುಡಿದ ಹಾಲೆಷ್ಟು?

ಕೆಲಸ ಮನುಷ್ಯನಿಗೆ ಅನ್ನ ಕೊಡುತ್ತದೆ, ಜೊತೆಗೆ ಒಂದಿಷ್ಟು ಹುಚ್ಚನ್ನೂ ಹಿಡಿಸುತ್ತದೆ. ನಾನು ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರದ ಹಳ್ಳಿಯೊಂದರ ಡೈರಿಯಲ್ಲಿ ಹಾಲು ಅಳೆಯುವವನು. ಯಾರ ಮನೆಯ ಹಸು ಇವತ್ತು ಎಷ್ಟು ಕೊಟ್ಟಿತು, ಯಾರ ಎಮ್ಮೆ ಮುನಿಸಿಕೊಂಡಿದೆ, ಎಲ್ಲವೂ ನನಗೆ ಗೊತ್ತು. ಮದುವೆಮನೆಯಲ್ಲಿ ಪಾಯಸ ಕೊಟ್ಟರೂ ಲೋಟ ಎಷ್ಟು ಹಿಡಿದೀತೆಂದು ನೋಡಿಯೇ ಬಾಯಿಗಿಡುತ್ತೇನೆ. ಇಂಥವನಿಗೆ ಮಗಳು ಹುಟ್ಟಿದಳು.

ಬಾಣಂತನಕ್ಕೆ ಹೆಂಡತಿ ಸವಿತಾ ಮಳವಳ್ಳಿಯ ತವರಿನಲ್ಲಿದ್ದಳು. ನಾನು ಭಾನುವಾರಗಳಲ್ಲಿ ಬೆಳಗಿನ ಹಾಲು ಮುಗಿಸಿ, ಮದ್ದೂರಿನಲ್ಲಿ ಬಸ್ಸು ಬದಲಿಸಿ ಹೋಗಿಬರುತ್ತಿದ್ದೆ. ಮಗಳಿಗೆ ತಿಂಗಳು ತುಂಬುವ ಹೊತ್ತಿಗೆ ನನಗೊಂದು ಚಿಂತೆ ಅಂಟಿಕೊಂಡಿತು. ಅವಳು ಕುಡಿಯುತ್ತಾಳೆ, ಮಲಗುತ್ತಾಳೆ, ಗಂಟೆ ಕಳೆಯುವುದರೊಳಗೆ ಎದ್ದು ಮತ್ತೆ ಎದೆ ಹುಡುಕುತ್ತಾಳೆ. ಹಾಗಾದರೆ ಮೊದಲು ಕುಡಿದದ್ದೆಷ್ಟು? ಊರಿನ ಹಾಲನ್ನೆಲ್ಲ ಅಳೆಯುವ ನನಗೆ ನನ್ನ ಮಗಳ ಹೊಟ್ಟೆಗೆ ಹೋದದ್ದೆಷ್ಟೆಂದೇ ಗೊತ್ತಿಲ್ಲ. ಅತ್ತೆಯನ್ನು ಕೇಳಿದೆ. ನಾಲ್ಕು ಮಕ್ಕಳನ್ನು ಸಾಕಿದವರು ಅವರು. "ಒಟ್ಟೆ ತುಂಬುದ್ರೆ ಕೂಸು ತಾನೇ ಬಾಯ್ ಬುಡ್ತದೆ ಅಳಿಯಂದ್ರೇ, ಅದುಕ್ಯಾಕೆ ಅಳತೆ?" ಎಂದು ಬಾಣಂತಿಯ ನೀರೊಲೆಗೆ ಸೌದೆ ತುರುಕಲು ಹೋದರು.

ನನಗೆ ಸಮಾಧಾನವಾಗಲಿಲ್ಲ. ಮುಂದಿನ ವಾರ ಮೈಮೇಲೆ ಗೆರೆಗಳಿರುವ ಹಾಲಿನ ಬಾಟಲಿಯೊಂದನ್ನು ಕೊಂಡುಹೋದೆ. ಇದರೊಳಗೆ ಒಮ್ಮೆ ಹಿಂಡಿ ತೋರಿಸು, ಒಂದು ಅಂದಾಜು ಸಿಗುತ್ತದೆ ಎಂದು ಸವಿತಾಳನ್ನು ಪುಸಲಾಯಿಸಿದೆ. ಪಾಪ, ಅವಳು ಅರ್ಧ ಗಂಟೆ ಒಳಗೆ ಕೂತು ಹೊರಗೆ ಬಂದಳು. ಹಾಲು ಮೊದಲನೆಯ ಗೆರೆಯನ್ನೂ ಮುಟ್ಟಿರಲಿಲ್ಲ. "ಇಷ್ಟೇನಾ?" ಎಂದುಬಿಟ್ಟೆ. ಡೈರಿಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಅವಳು ಬಾಟಲಿಯನ್ನು ಕಿಟಕಿಯಲ್ಲಿಟ್ಟು ಮಗುವನ್ನು ಎತ್ತಿಕೊಂಡಳು.

ಎರಡು ದಿನ ಬಿಟ್ಟು ಫೋನು ಮಾಡಿದಳು. ಊಟ ಸೇರುತ್ತಿಲ್ಲವಂತೆ, ಮಗು ಅತ್ತಾಗಲೆಲ್ಲ ಎದೆ ಧಸಕ್ಕೆನ್ನುತ್ತದಂತೆ. "ನನ್ನತ್ರ ಆಲೇ ಇಲ್ವೇನೋ ಕಣ್ರೀ. ಕೂಸು ಉಪಾಸ ಅದೆ ಅನ್ಸ್ತದೆ," ಎಂದು ಅತ್ತಳು. ನನ್ನ ಮೂರಕ್ಷರದ ಮಾತು ಎಲ್ಲಿ ಹೋಗಿ ನಾಟಿದೆಯೆಂದು ಆಗ ತಿಳಿಯಿತು.

ಮರುದಿನವೇ ರಜೆ ಹಾಕಿ ಹೋಗಿ, ಸವಿತಾ, ಮಗು, ಅತ್ತೆ ಮೂವರನ್ನೂ ಮಕ್ಕಳ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಮಗುವನ್ನು ತೂಕದ ತಟ್ಟೆಯಲ್ಲಿ ಮಲಗಿಸಿದಾಗ, ಜೀವಮಾನದಲ್ಲಿ ಮೊದಲ ಸಲ, ಮುಳ್ಳು ನೋಡಲು ನನಗೆ ಧೈರ್ಯ ಬರಲಿಲ್ಲ. ಮಗು ಚೆನ್ನಾಗಿ ತೂಕ ಏರಿದೆ ಎಂದರು ಡಾಕ್ಟರಮ್ಮ. ದಿನಕ್ಕೆಷ್ಟು ಬಟ್ಟೆ ಒದ್ದೆಯಾಗುತ್ತದೆ ಎಂದು ಅತ್ತೆಯನ್ನು ಕೇಳಿದರು. ಎಂಟಕ್ಕೆ ಕಡಿಮೆಯಿಲ್ಲ ಎಂದರು ಅತ್ತೆ. ಈ ವಯಸ್ಸಿನ ಮಕ್ಕಳು ದಿನಕ್ಕೆ ಎಂಟು ಸಲ, ಹನ್ನೆರಡು ಸಲ ಕುಡಿಯುವುದು ಸಹಜ; ಆರಕ್ಕಿಂತ ಹೆಚ್ಚು ಬಟ್ಟೆ ಒದ್ದೆಯಾಗಿ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ; ಕೈಯಲ್ಲಿ ಹಿಂಡಿದ್ದಕ್ಕೂ ಮಗು ಎಳೆದುಕೊಳ್ಳುವುದಕ್ಕೂ ಹೋಲಿಕೆಯೇ ಇಲ್ಲ ಎಂದು ಬಿಡಿಸಿ ಹೇಳಿದರು. ಆಮೇಲೆ ಸವಿತಾಳ ಕಡೆ ತಿರುಗಿ, "ಹಾಲು ಸಾಲದು ಅಂತ ನಿಮಗೆ ಹೇಳಿದವರು ಯಾರಮ್ಮ?" ಎಂದರು.

ನಾನು ನೆಲ ನೋಡಿದೆ. "ಯಾರೂ ಇಲ್ಲ ಮೇಡಂ, ನಂಗೇ ಅಂಗನ್ನುಸ್ತು," ಎಂದಳು ಸವಿತಾ.

ಮನೆಗೆ ಬಂದ ಮೇಲೆ ಅವಳ ಪಕ್ಕ ಕೂತು, ತಪ್ಪಾಯಿತು ಎಂದೆ. ಮಗು ಎದೆಯಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಅವಳು, "ಎಣಿಸ್ಲೇಬೇಕು ಅಂದ್ರೆ ಒದ್ದೆ ಬಟ್ಟೆ ಎಣ್ಸಿ. ಎಣ್ಸಿದೋರೇ ಒಗೀಬೇಕು, ಅಷ್ಟೇಯ," ಎಂದಳು. ಎಷ್ಟೋ ದಿನದ ಮೇಲೆ ನಕ್ಕಳು.

ಬೆಳಗಿನವೂ ಸೇರಿ ಅಂದು ಸಂಜೆಯವರೆಗೆ ಒಂಬತ್ತು ಒಗೆದೆ. ಹತ್ತನೆಯದೂ ಆಗಿಬಿಡಲಿ ಎಂದು ತೊಟ್ಟಿಲ ಪಕ್ಕ ಕಾಯುತ್ತ ಕೂತು ಮದ್ದೂರಿನ ಕೊನೆಯ ಬಸ್ಸನ್ನು ತಪ್ಪಿಸಿಕೊಂಡೆ.