ನಾನು ಮೋಟಾರು ಒರೆಸಿದ ದಿನ

“ಗರ್‌ರ್‌ರ್!”

ಅಡುಗೆಮನೆಯಲ್ಲಿ ಮಿಕ್ಸಿ ಗರ್ಜಿಸಿತು. ಗರ್ಜಿಸಲಿ! ಇವತ್ತು ನನ್ನ ಕಿವಿಯಿಂದ ಒಂದು ಮಾತೂ ತಪ್ಪಿಸಿಕೊಳ್ಳುವುದಿಲ್ಲ. ಮೂವತ್ತಾರು ವರ್ಷ ಕಚೇರಿಯಲ್ಲಿ ಶೀಘ್ರಲಿಪಿಕಾರನಾಗಿದ್ದವನು ನಾನು. ಸಾಹೇಬರು “ತಮ್ಮ ಪತ್ರ” ಎನ್ನುವಷ್ಟರಲ್ಲಿ ನನ್ನ ಪೆನ್ಸಿಲ್ಲು “ತಲುಪಿದೆ” ಎಂದು ಬರೆದು ಮುಂದಿನ ವಾಕ್ಯಕ್ಕೆ ಕಾಯುತ್ತಿತ್ತು!

ಎಡವಿದ್ದು ಒಂದೇ ಸಲ. ಹೋದ ವಾರ ಮಗಳು ಫೋನಿನಲ್ಲಿ “ಮಗೂಗೆ ಹಲ್ಲು ಬಂದಿದೆ” ಅಂದಳು. ನನಗೆ ಕೇಳಿಸಿದ್ದು ಹಲ್ಲಿ. “ಓಡಿಸು! ಪೊರಕೆ ತಗೋ!” ಎಂದು ಕಿರುಚಿದೆ. ಅಂದಿನಿಂದ ಫೋನು ಹೆಂಡತಿಯ ವಶ. ಮೊಮ್ಮಗಳ ಸುದ್ದಿ ನನಗೆ ಸಿಗುವುದು ಅವಳು ಸೋಸಿ ಕೊಟ್ಟಷ್ಟೇ.

ಬೆಳಿಗ್ಗೆ ಇಬ್ಬರೂ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆವು.

“ಕಿವಿ ಚೆನ್ನಾಗಿದೆ ಸಾರ್. ವಯಸ್ಸಾದ್ಮೇಲೆ ಗದ್ದಲದಲ್ಲಿ ಮಾತು ಬಿಡಿಸ್ಕೊಳ್ಳೋಕೆ ಮಿದುಳಿಗೆ ಒಂದು ಕ್ಷಣ ಹೆಚ್ಚು ಬೇಕು. ಅಷ್ಟರಲ್ಲಿ ಅದು ಊಹಿಸಿಬಿಡುತ್ತೆ. ಮಾತು ಮುಗಿಯೋವರೆಗೂ ಕಾಯಿರಿ.”

“ಕೇಳಿದ್ಯಾ? ಕಿವಿ ಚೆನ್ನಾಗಿದೆಯಂತೆ! ಕೊಡು ಫೋನು.”

“ಸಂಜೆವರೆಗೂ ನನ್ನ ಮಾತು ಸರಿಯಾಗಿ ಕೇಳಿಸ್ಕೊಳ್ಳಿ. ಆಮೇಲೆ ಫೋನು ನಿಮ್ಮದೇ!”

ಈಗ ಮಿಕ್ಸಿಯನ್ನು ಸೀಳಿಕೊಂಡು ಅವಳ ಅಪ್ಪಣೆ ಬಂತು: “ರೀ, ಮೋಟಾರ್ ಒರ್ಸಿ!”

ನಿನ್ನೆಯಷ್ಟೇ ನೀರಿನ ಮೋಟಾರಿನ ಧೂಳು ನೋಡಿ ಮೂಗು ಮುರಿದಿದ್ದಳಲ್ಲ! ಒಣಬಟ್ಟೆ ಹಿಡಿದು ಮೆಟ್ಟಿಲ ಬಳಿಗೆ ಧಾವಿಸಿದೆ. ಮುಂದೆ ಒರೆಸಿದೆ, ಹಿಂದೆ ಒರೆಸಿದೆ, ಕೂಸಿನ ಕೆನ್ನೆ ಒರೆಸುವಂತೆ ಒರೆಸಿದೆ. ಮೋಟಾರು ಸುಖವಾಗಿ ಗುಂಯ್‌ಗುಡುತ್ತಲೇ ಇತ್ತು.

ಕೆಳಮನೆಯ ದರ್ಜಿ ಓಡಿ ಬಂದ. “ಸಾರ್! ನಿಮ್ಮ ಟ್ಯಾಂಕಿನ ನೀರು ನಮ್ಮ ಕಿಟಕಿಯೊಳಗೆ! ಇಸ್ತ್ರಿ ಮಾಡಿಟ್ಟ ಆರು ಅಂಗಿ ಸ್ನಾನ ಮಾಡ್ತಿವೆ!”

ಹೆಂಡತಿ ಬಂದು ಸ್ವಿಚ್ಚಿನ ಮೇಲೆ ಗುದ್ದಿದಳು. “ಮೋಟಾರ್ ಆರ್ಸಿ ಅಂದ್ನಲ್ರೀ!”

“ನೀನು ಒರ್ಸಿ ಅಂದೆ! ನೋಡು, ಹೇಗೆ ಹೊಳೀತಿದೆ!”

“ನಮ್ಮ ಮನೆ ನೆಲಾನೂ ಹೊಳೀತಿದೆ ಸಾರ್,” ಅಂದ ದರ್ಜಿ.

ಮುಗಿಯಿತು! ಫೋನು ಇನ್ನು ಈ ಜನ್ಮಕ್ಕಿಲ್ಲ. ತಲೆ ತಗ್ಗಿಸಿ ನನ್ನ ಕಾಲುಬೆರಳನ್ನೇ ನೋಡುತ್ತ ನಿಂತೆ. ಹೆಂಡತಿಯ ಕಡೆಯಿಂದ ಏನೋ ಗುಂಯ್‌ಗುಟ್ಟಿತು. ಅವಳ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

“ಹೋಗ್ಲಿ ಬಿಡಿ. ಈ ಸಲ ನೀವೇ ಎತ್ಕೊಳ್ಳಿ...”

ಪೂರ್ತಿ ಹೇಳಬೇಕೆ? ಅಷ್ಟೂ ಹೊಳೆಯದಿದ್ದರೆ ನಾನೆಂಥ ಶೀಘ್ರಲಿಪಿಕಾರ! ಬಕೆಟ್ಟು ಎತ್ತಿಕೊಂಡೆ, ಒರೆಸುಬಟ್ಟೆ ಹೆಗಲಿಗೇರಿಸಿದೆ, ದರ್ಜಿಯನ್ನೂ ದಾಟಿ ದಡದಡ ಇಳಿದೆ. ಉಳಿದರ್ಧ ಮಾತು ಒಂದೊಂದೇ ಮೆಟ್ಟಿಲಿಳಿದು ನನ್ನ ಹಿಂದೆ ಬಂತು:

“ಬಕೆಟ್ಟಲ್ಲ ರೀ, ಮಗಳ ಫೋನು!”