ಬೀಗರು ಮೆಚ್ಚುವ ಹಾಡು ಯಾವುದು?

ಬಟವಾಡಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ ನನಗೆ, ಹಾಡು ಮುಗಿದ ಕೂಡಲೇ ಕೇಳಿದವರ ಮುಖ ನೋಡುವ ಚಾಳಿ. ನೋಡಿದಾಗಲೆಲ್ಲ ಏನಾದರೊಂದು ಎಡವಟ್ಟು ಕಾದೇ ಇರುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಮಗಳಿಗೆ ಕುಣಿಗಲ್ಲಿನ ಸಂಬಂಧ ಕುದುರಿತು. ಒಳ್ಳೆಯ ಜನ. ನನ್ನ ಹಾಡಿನಿಂದ ಈ ಮದುವೆ ಕೆಡದಿದ್ದರೆ ಸಾಕು ಅಂತ ನನಗೆ ನಿದ್ದೆಯೇ ಬರುತ್ತಿರಲಿಲ್ಲ.

ನಿಶ್ಚಿತಾರ್ಥ

"ಬೀಗರು ಚೆನ್ನಾಗಿ ಹಾಡ್ತಾರಂತೆ, ಒಂದು ಹೇಳ್ರಮ್ಮ" ಅಂದರು ಹುಡುಗನ ಕಡೆಯವರು. ಸಿನಿಮಾ ಹಾಡು ಹೇಳಿದರೆ ಹಗುರಾಗಿಬಿಡುತ್ತೇನೆ, ಭಜನೆ ಹೇಳಿದರೆ ಮುದುಕಿ ಅಂದುಕೊಳ್ಳುತ್ತಾರೆ. ಕೊನೆಗೆ ಕೀರ್ತನೆಯೇ ಸರಿ ಅಂತ ಕಣ್ಣು ಮುಚ್ಚಿ ಆಲಾಪನೆ ಎತ್ತಿಕೊಂಡೆ. ಯಾರೂ ಉಸಿರೆತ್ತಲಿಲ್ಲ. ಮೆಚ್ಚಿದರು ಅಂದುಕೊಂಡು ಇನ್ನಷ್ಟು ಬೆಳೆಸಿದೆ. ಕಣ್ಣು ಬಿಟ್ಟರೆ ಹುಡುಗನ ತಂದೆ ಬಿಸಿನೀರಿನ ಲೋಟ ಹಿಡಿದು ಎದುರಿಗೇ ನಿಂತಿದ್ದಾರೆ.

"ತಗೊಳ್ರಮ್ಮ. ಮೊದ್ಲು ಗಂಟಲು ಸರಿಯಾಗ್ಲಿ, ಹಾಡು ಆಮೇಲೆ ಹೇಳಿದ್ರಾಯ್ತು."

ಆರತಕ್ಷತೆ

ಇನ್ನು ನಾನು ಬಾಯಿ ಬಿಡುವುದೇ ಬೇಡ ಅಂತ ಗುಬ್ಬಿಯಿಂದ ಆರ್ಕೆಸ್ಟ್ರಾ ಕರೆಸಿದೆವು. "ಬರೀ ಭಾವಗೀತೆ ಹಾಡಿ, ಬೀಗರು ಮರ್ಯಾದಸ್ಥರು" ಅಂದೆ. ಆರ್ಕೆಸ್ಟ್ರಾದವನು ತಲೆ ಕೆರೆದುಕೊಂಡ. "ಮೇಡಂ, ಊಟದ ಹಾಲ್ ದೊಡ್ಡದಾ ಚಿಕ್ಕದಾ, ಅದು ಹೇಳಿ ಮೊದ್ಲು."

ಹಾಡಿಗೂ ಊಟದ ಹಾಲಿಗೂ ಏನು ಸಂಬಂಧ ಅಂತ ಗದರಿಸಿ ವೇದಿಕೆಗೆ ಕಳಿಸಿದೆ. ನನಗೆ ಪ್ರಾಣವಾದ ಭಾವಗೀತೆಯ ಪಲ್ಲವಿ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಬೀಗರೂ ಸೇರಿ ಸಭೆಗೆ ಸಭೆಯೇ ಎದ್ದು ಊಟಕ್ಕೆ ಹೋಯಿತು. ಖಾಲಿ ಕುರ್ಚಿಗಳ ಮುಂದೆ ನನಗೆ ಅಳುವೇ ಬಂತು. ಮೆಚ್ಚಿದವರು ಒಬ್ಬರೇ, ಅಡುಗೆ ಭಟ್ಟರು.

"ಬಾಳ ಒಳ್ಳೆ ಹಾಡಮ್ಮ, ಒಂದೇ ಏಟಿಗೆ ಪಂಕ್ತಿ ತುಂಬೋಯ್ತು. ಎರಡನೇ ಪಂಕ್ತಿಗೂ ಇದನ್ನೇ ಹೇಳಿಸಿ."

ಬೀಗರ ಹಾಡು

ಮಾರನೆಯ ದಿನ ಧಾರೆಯಾದ ಮೇಲೆ ನಮ್ಮ ನಾದಿನಿ ಪಟ್ಟು ಹಿಡಿದಳು. "ಬೀಗರನ್ನ ಆಡ್ಕೊಂಡು ಹಾಡದೇ ಇದ್ರೆ ಅದೆಂಥ ಮದ್ವೆ ಅತ್ಗೆ? ಹಾಡಿ, ಏನಾಗಲ್ಲ." ಬೈಗುಳವನ್ನು ಹಾಡಿ ನನಗೆ ಅಭ್ಯಾಸವಿಲ್ಲ. ಹುಡುಗನ ತಾಯಿಯ ತಂಟೆಗೆ ಹೋಗಲು ಧೈರ್ಯ ಸಾಲದೆ, ಅವರ ಮೂಗುತಿಯ ಮೇಲೆ ಒಂದೇ ಒಂದು ನುಡಿ ಕಟ್ಟಿ, ಮಿಕ್ಕಿದ್ದನ್ನೆಲ್ಲ ಸದಾ ನಗುತ್ತಿದ್ದ ಅವರ ವಾರಗಿತ್ತಿಯ ತಲೆಗೆ ಕಟ್ಟಿದೆ. ವಾರಗಿತ್ತಿ ಬಿದ್ದು ಬಿದ್ದು ನಕ್ಕರು. ಹುಡುಗನ ತಾಯಿ ಮಾತ್ರ ಮುಖ ಗಂಟಿಕ್ಕಿ ಕೂತರು. ಊಟಕ್ಕೆ ಬಡಿಸಲು ಹೋದರೆ ತಲೆ ಎತ್ತಲಿಲ್ಲ, ತಾಂಬೂಲವನ್ನೂ ಮಾತಿಲ್ಲದೆ ತೆಗೆದುಕೊಂಡರು.

"ಯಾಕಮ್ಮ ಹಾಡ್ದೆ? ನಾಳೆಯಿಂದ ಅವ್ರ ಮನೇಲಿ ಇರೋಳು ನಾನು" ಅಂತ ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೆಣ್ಣು ಕಳಿಸುವ ಹೊತ್ತಿಗೆ ಬೀಗಿತ್ತಿ ವ್ಯಾನಿನ ಬಾಗಿಲಿಗೆ ಅಡ್ಡ ನಿಂತು ನನ್ನನ್ನು ಹತ್ತಿರ ಕರೆದರು. ತಪ್ಪಾಯ್ತು ಅನ್ನಲು ಬಾಯಿ ತೆರೆದೆ.

"ಅವಳಿಗೆ ಅಷ್ಟುದ್ದ ಹಾಡು, ನನಗೆ ಒಂದೇ ನುಡಿಯಾ? ಹುಡುಗನ್ನ ಹೆತ್ತೋಳು ನಾನೋ ಅವಳೋ?"

ಅಲ್ಲೇ ರಸ್ತೆಯಲ್ಲಿ ನಿಂತು ನಾನು ಅವರ ನಡಿಗೆ, ಜಿಪುಣತನ, ಉಪ್ಪಿಲ್ಲದ ಸಾರು ಎಲ್ಲವನ್ನೂ ರಾಗವಾಗಿ ಬೈದ ಮೇಲೆಯೇ ಅವರು ನನ್ನ ಮಗಳನ್ನು ವ್ಯಾನು ಹತ್ತಿಸಿಕೊಂಡದ್ದು.