ನಾನು ಸಿಲಿಂಡರ್ ತೂಗಿದ್ದು

ಫಿಸಿಕ್ಸ್ ಪಾಠ ಹೇಳುವವನು ಮದುವೆಯಾಗಬಾರದು. ಆಗಲೇಬೇಕು ಎಂದಿದ್ದರೆ, ತಾನು ಹೇಳುವ ಪಾಠ ಯಾವುದು ಎಂಬುದು ಹೆಂಡತಿಗೆ ತಿಳಿಯದಂತೆ ನೋಡಿಕೊಳ್ಳಬೇಕು. ಸಂಸ್ಕೃತದ ಮೇಷ್ಟ್ರ ಮನೆಯಲ್ಲಿ ನಲ್ಲಿ ಸೋರಿದರೆ ಯಾರೂ ಅವರ ಮುಖ ನೋಡುವುದಿಲ್ಲ. ಚರಿತ್ರೆಯ ಮೇಷ್ಟ್ರ ಮನೆಯಲ್ಲಿ ಫ್ಯೂಸ್ ಹೋದರೆ ಅವರು ನಿಶ್ಚಿಂತೆಯಿಂದ ಮೇಣದಬತ್ತಿ ಹಚ್ಚಿಕೊಂಡು ಕೂರಬಹುದು. ನನ್ನ ಮನೆಯಲ್ಲಿ ಹಾಗಲ್ಲ. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿದುಕೊಂಡರೂ ಇಡ್ಲಿ ಗಟ್ಟಿಯಾದರೂ "ಫಿಸಿಕ್ಸ್ ಅಲ್ವಾ ನಿಮ್ದು, ನೋಡಿ" ಎಂದು ನನ್ನ ಮುಂದೆ ತಂದಿಡುತ್ತಾರೆ. ನಾನು ನೋಡುತ್ತೇನೆ. ನೋಡುವುದು ನನ್ನ ಕೈಲಿ ಚೆನ್ನಾಗಿಯೇ ಆಗುತ್ತದೆ. ಮುಂದಿನದು ಅಷ್ಟು ಚೆನ್ನಾಗಿ ಆಗುವುದಿಲ್ಲ.

ಬಿ.ಎಸ್‌ಸಿ. ಮೊದಲ ವರ್ಷದವರಿಗೆ ದ್ರವ್ಯದ ಗುಣಗಳು ಎಂಬ ಪಾಠವನ್ನು ನಾನು ಎಷ್ಟೋ ವರ್ಷ ಹೇಳಿದ್ದೇನೆ. ದ್ರವ್ಯ ಎಂದರೆ ರಾಶಿ ಉಳ್ಳದ್ದು, ಜಾಗ ಆಕ್ರಮಿಸುವಂಥದ್ದು ಎಂದು ಮೊದಲ ದಿನ ಶುರುಮಾಡಬೇಕು. ಇಷ್ಟನ್ನು ಹೇಳಲು ತಯಾರಿ ಬೇಕಿಲ್ಲ. ಆದರೂ ಜೂನ್ ತಿಂಗಳಲ್ಲಿ ಹಾಲಿನ ಕುರ್ಚಿಯಲ್ಲಿ ಕೂತು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ನನ್ನ ಹೆಂಡತಿ ಸರಸ ಒಂದು ಸಲ ಕಸ ಗುಡಿಸುತ್ತ ಅದನ್ನು ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನೀವು ದ್ರವ್ಯಾನೇ, ಅನುಮಾನ ಇಲ್ಲ. ಸ್ವಲ್ಪ ಕಾಲೆತ್ತಿ" ಎಂದಳು. ವ್ಯಾಖ್ಯೆಯನ್ನು ಇಷ್ಟು ಬೇಗ ಉದಾಹರಣೆಗೆ ಒಗ್ಗಿಸಿದ ವಿದ್ಯಾರ್ಥಿ ನನ್ನ ಕ್ಲಾಸಿನಲ್ಲಿ ಒಬ್ಬನೂ ಸಿಕ್ಕಿಲ್ಲ.

ಇದು ತೊಂಬತ್ತರ ದಶಕದ ಆರಂಭದ ಮಾತು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ನಾನು, ಸರಸ, ನನ್ನ ಅಮ್ಮ, ತಂಗಿ ವತ್ಸಲ, ಮತ್ತು ಒಂದೇ ಒಂದು ಗ್ಯಾಸ್ ಸಿಲಿಂಡರ್ ಇದ್ದೆವು. ಎರಡನೇ ಸಿಲಿಂಡರ್ ಇಟ್ಟುಕೊಂಡವರನ್ನು ಆಗ ನಮ್ಮ ಬೀದಿಯಲ್ಲಿ ಸ್ಥಿತಿವಂತರು ಎನ್ನುತ್ತಿದ್ದರು. ನಮ್ಮಂಥವರು ಖಾಲಿಯಾದ ಮೇಲೆ ಬುಕ್ ಮಾಡಿ ಕಾಯಬೇಕು. ಅದು ಯಾವತ್ತು ಬರುತ್ತದೆ ಎಂದು ಏಜೆನ್ಸಿಯವರೂ ಹೇಳುತ್ತಿರಲಿಲ್ಲ, ನಮ್ಮ ಪುರೋಹಿತರೂ ಹೇಳುತ್ತಿರಲಿಲ್ಲ. ಸೀಮೆಎಣ್ಣೆ ಸ್ಟೌವನ್ನು ಅಮ್ಮ, ಗ್ಯಾಸ್ ಬಂದ ಸಂಭ್ರಮದಲ್ಲಿ, ಹಳೇ ಪಾತ್ರೆಯವನಿಗೆ ಹಾಕಿ ಒಂದು ಸ್ಟೀಲ್ ಡಬರಿ ತೆಗೆದುಕೊಂಡಿದ್ದಳು.

ಹೀಗಿರುವಾಗ ವತ್ಸಲಳನ್ನು ನೋಡಲು ಮಲ್ಲೇಶ್ವರದಿಂದ ಗಂಡಿನ ಕಡೆಯವರು ಭಾನುವಾರ ಸಂಜೆ ಬರುವುದೆಂದು ನಿಶ್ಚಯವಾಯಿತು. ಹಿಂದೆ ಬಂದುಹೋದ ಸಂಬಂಧಗಳೆಲ್ಲ ತಿಂಡಿಯ ತಟ್ಟೆ ಖಾಲಿಯಾಗುವವರೆಗೂ ಸೊಗಸಾಗಿ ನಡೆದು, ಕೈ ತೊಳೆದ ಮೇಲೆ "ತಿಳಿಸ್ತೀವಿ" ಎಂಬಲ್ಲಿಗೆ ನಿಂತುಹೋಗಿದ್ದವು. ವತ್ಸಲ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಮಾತು ಕಮ್ಮಿ. ಆಡಿದಾಗ ಮಾತ್ರ, ಆಡದಿದ್ದರೇ ಚೆನ್ನಾಗಿತ್ತು ಎಂದು ಕೇಳಿದವರಿಗೆ ಅನ್ನಿಸುವಂತೆ ಆಡುತ್ತಿದ್ದಳು. ಅಮ್ಮನಿಗೆ ಅವಳ ಚಿಂತೆಯಲ್ಲಿ ನಿದ್ದೆ ಇರಲಿಲ್ಲ. ಈ ಸಲ ಏನೂ ಎಡವಟ್ಟಾಗಬಾರದು ಎಂದು ಅವಳು ದೇವರಿಗೆ ಹೇಳಿದ್ದಳು. ನನಗೆ ಹೇಳುವುದನ್ನು ಮರೆತಿದ್ದಳು.

ಆ ವಾರ ಅಡುಗೆಮನೆಯಲ್ಲಿ ಸಿಲಿಂಡರಿನ ಬಗ್ಗೆ ಭಿನ್ನಾಭಿಪ್ರಾಯ ಎದ್ದಿತು. ಅಮ್ಮನ ವಿಧಾನವೆಂದರೆ ಸಿಲಿಂಡರಿನ ಮೈಮೇಲೆ ಒಂದು ಚೊಂಬು ನೀರು ಸುರಿಯುವುದು. ಎಷ್ಟು ಎತ್ತರದವರೆಗೆ ತೇವ ಬೇಗ ಆರುವುದಿಲ್ಲವೋ ಅಷ್ಟು ಎತ್ತರದವರೆಗೆ ಗ್ಯಾಸಿದೆ ಎಂದು ಲೆಕ್ಕ. ಅವಳ ಪ್ರಕಾರ ಅರ್ಧ ಇತ್ತು. ಸರಸ ಸಿಲಿಂಡರನ್ನು ಸೊಂಟಕ್ಕೊರಗಿಸಿ ಕೊಂಚ ವಾಲಿಸಿ ನೋಡುತ್ತಿದ್ದಳು. ಅವಳ ಪ್ರಕಾರ ಏನೂ ಇರಲಿಲ್ಲ. "ಎದುರುಮನೆ ನಾಗಮ್ಮನೋರ ಹತ್ರ ತುಂಬಿದ್ದು ಒಂದಿದೆ. ಕೇಳಿದೀನಿ, ಕೊಡ್ತೀನಿ ಅಂದಿದಾರೆ. ತಂದಿಟ್ಕೊಳ್ಳೋಣ" ಎಂದಳು. ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಆ ಹೊತ್ತಿಗೆ ಕಾಫಿಗೆಂದು ಅಡುಗೆಮನೆಗೆ ಬಂದಿದ್ದೆ.

"ಇದೇನಿದು, ಒಬ್ಬರು ಸ್ನಾನ ಮಾಡಿಸ್ತೀರಿ, ಒಬ್ಬರು ಸೊಂಟದ ಮೇಲೆ ಕೂರಿಸ್ಕೋತೀರಿ. ಅದು ಮಗುವಲ್ಲ, ದ್ರವ್ಯ" ಎಂದೆ. ಖಾಲಿ ಸಿಲಿಂಡರಿನ ತೂಕವನ್ನು ಅದರ ಕುತ್ತಿಗೆಯ ಪಟ್ಟಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಈಗಿನ ತೂಕದಿಂದ ಅದನ್ನು ಕಳೆದರೆ ಉಳಿದದ್ದು ಗ್ಯಾಸು. ಇಷ್ಟು ಸರಳವಾದ ಸಂಗತಿ ಎರಡು ತಲೆಮಾರಿನ ಹೆಂಗಸರಿಗೆ ಹೊಳೆಯಲಿಲ್ಲವಲ್ಲ ಎಂಬ ಮರುಕದಿಂದ ವಿವರಿಸಿದೆ. ಸರಸ ಮರುಕವನ್ನು ಗಮನಿಸದೆ, "ತೂಗೋದು ಯಾತರಲ್ಲಿ?" ಎಂದು ಕೇಳಿದಳು.

ನಾನು ಅವತ್ತೇ ಅವೆನ್ಯೂ ರಸ್ತೆಗೆ ಹೋದೆ. ಅಲ್ಲಿಂದ ನಗರ್ತಪೇಟೆಯ ಗಲ್ಲಿಗೆ ಕಳಿಸಿದರು. ನಾಲ್ಕಾರು ಅಂಗಡಿ ಹತ್ತಿಳಿದ ಮೇಲೆ ಒಂದು ಕಡೆ, ಮನುಷ್ಯರು ಹತ್ತಿ ನಿಂತು ತೂಕ ನೋಡಿಕೊಳ್ಳುವ ಚಪ್ಪಟೆ ಯಂತ್ರ ಸಿಕ್ಕಿತು. ಅಂಗಡಿಯವರು ನನ್ನ ಹೊಟ್ಟೆಯ ಕಡೆ ನೋಡಿ, "ಡಾಕ್ಟ್ರು ಹೇಳಿದ್ರಾ ಸಾರ್?" ಎಂದರು. "ಇಲ್ಲ, ಗ್ಯಾಸಿಗೆ" ಎಂದೆ. ಅವರು ಯಂತ್ರವನ್ನು ಕಾಗದದಲ್ಲಿ ಸುತ್ತುತ್ತ ಬಹಳ ಸಮಾಧಾನದಿಂದ, "ಗ್ಯಾಸಿಗೆ ತೂಕ ನೋಡ್ಕೊಂಡ್ರೆ ಹೋಗಲ್ಲ ಸಾರ್. ಊಟ ಆದ್ಮೇಲೆ ಒಂಚೂರು ಓಂಕಾಳು ಹಾಕ್ಕೊಳ್ಳಿ" ಎಂದರು. ನಾನು ತಿದ್ದಲು ಹೋಗಲಿಲ್ಲ. ಎಲ್ಲರಿಗೂ ಎಲ್ಲವನ್ನೂ ವಿವರಿಸುತ್ತ ಹೋದರೆ ಬಸ್ಸು ತಪ್ಪಿಹೋಗುತ್ತದೆ.

ತೂಗುವ ಕಾರ್ಯಕ್ರಮವನ್ನು ಮನೆಯವರೆಲ್ಲ ನೋಡಲಿ ಎಂದು ಹಾಲಿನಲ್ಲಿಟ್ಟುಕೊಂಡೆ. ನಮ್ಮ ಹಾಲಿನದು ಕೆಂಪು ಗಾರೆಯ ನೆಲ. ಅದರ ಮೇಲೆ ಕಬ್ಬಿಣದ ಸಾಮಾನಿಟ್ಟು ಗೀರು ಬಿದ್ದರೆ ಅಮ್ಮ ಎರಡು ಹೊತ್ತು ಮಾತಾಡುತ್ತಿರಲಿಲ್ಲ. ಹಾಗಾಗಿ ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಯಂತ್ರವಿಟ್ಟು, ಯಂತ್ರದ ಮೇಲೆ ಸಿಲಿಂಡರ್ ಎತ್ತಿಟ್ಟೆ. ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಓರೆಯಿಂದ ನೋಡಿದ ತಪ್ಪು ಬಾರದಂತೆ ಮುಳ್ಳಿಗೆ ನೇರವಾಗಿ ನೋಡಿದೆ. ಲ್ಯಾಬಿನಲ್ಲಿ ಹುಡುಗರಿಗೆ ಹೇಳಿಕೊಡುವುದೂ ಹೀಗೆಯೇ. ಅಚ್ಚಿನ ತೂಕ ಕಳೆದೆ. ಎರಡೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿಯೇ ಉಳಿಯಿತು.

ಬಾಗಿಲಿಗೊರಗಿ ನಿಂತಿದ್ದ ವತ್ಸಲ, "ಅಣ್ಣ, ಗೋಣಿಚೀಲ ಮೆತ್ತಗಿದೆಯಲ್ಲ, ಯಂತ್ರ ಸರಿಯಾಗಿ ಕೂತಿದ್ಯಾ?" ಎಂದಳು.

"ಗೋಣಿಚೀಲ ಕೆಳಗಿದೆ. ನಾವು ತೂಗ್ತಿರೋದು ಮೇಲಿರೋದನ್ನ" ಎಂದೆ. ಅವಳು ಸುಮ್ಮನಾದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಸರಸ ಮಾತ್ರ ಜಗ್ಗಲಿಲ್ಲ. "ಇರಲಿ, ನಾಗಮ್ಮನೋರದ್ದು ತಂದಿಟ್ಟಿರೋಣ, ಏನು ನಷ್ಟ?" ಎಂದಳು. ನಷ್ಟ ಬಹಳವಿತ್ತು. ಅಳೆದು ನೋಡಿದ ಮೇಲೂ ಎದುರುಮನೆಯಿಂದ ಸಿಲಿಂಡರ್ ಹೊತ್ತು ತಂದರೆ ನಾನು ಇಷ್ಟು ವರ್ಷ ಹೇಳಿದ ಪಾಠಕ್ಕೆ ಏನರ್ಥ ಬಂತು? ನಾನೇ ಹೋಗಿ ನಾಗಮ್ಮನವರಿಗೆ, "ಬೇಡಮ್ಮ, ತೂಗಿ ನೋಡಿದೀವಿ, ಬೇಕಾದಷ್ಟಿದೆ" ಎಂದು ಹೇಳಿಬಂದೆ. ಅವರು ನನ್ನನ್ನು ಒಂದು ಥರಾ ನೋಡಿದರು. ಆಗ ಅದನ್ನು ಗೌರವ ಎಂದು ಭಾವಿಸಿದೆ.

ಭಾನುವಾರ ಮಲ್ಲೇಶ್ವರದವರು ಹೇಳಿದ ಹೊತ್ತಿಗೆ ಬಂದರು. ಹುಡುಗ ಮುರಳಿ, ಅವನ ತಾಯಿ, ತಂದೆ ನಂಜುಂಡಯ್ಯನವರು. ನಂಜುಂಡಯ್ಯನವರು ನೆಟ್ಟಗೆ ಕೂತು, ಹಾಲಿನ ಉದ್ದಗಲ ಕಣ್ಣಲ್ಲೇ ಅಳೆದು, ತಾವು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ರಿಟೈರಾದದ್ದಾಗಿ ಹೇಳಿದರು. ನನಗೆ ಬಹಳ ಸಂತೋಷವಾಯಿತು. ಇಂಥವರ ಜೊತೆ ಮಾತಾಡಲು ನನ್ನ ಹತ್ತಿರ ವಿಷಯವಿತ್ತು. ಮುರಳಿ ತನ್ನ ಚಪ್ಪಲಿ ಬಿಟ್ಟ ಕಡೆಗೇ ನೋಡುತ್ತ ಕೂತಿದ್ದ. ಅವನ ತಾಯಿ, "ಬಸವನಗುಡಿಲಿ ಒಂದು ಮದುವೆ ಇತ್ತು, ಪಂಕ್ತಿ ಬಹಳ ತಡ ಆಯ್ತು, ಊಟ ಮಾಡದೇ ಬಂದ್ವಿ" ಎಂದು ಅಮ್ಮನ ಹತ್ತಿರ ಸಹಜವಾಗಿ ಹೇಳಿದರು. ಅಮ್ಮ ಸರಸಳಿಗೆ ಕಣ್ಸನ್ನೆ ಮಾಡಿದಳು. ಸರಸ ಒಳಗೆ ಹೋಗಿ ಬೋಂಡಕ್ಕೆ ಎಣ್ಣೆಯಿಟ್ಟಳು.

ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ "ರೀ, ಒಂದ್ನಿಮಿಷ" ಎಂಬ ಕರೆ ಬಂತು. ಆ ದನಿ ತುಂಬ ಮೃದುವಾಗಿತ್ತು. ಮದುವೆಯಾಗಿ ವರ್ಷಗಳಾದವರಿಗೆ ಅದರ ಅರ್ಥ ಗೊತ್ತಿರುತ್ತದೆ. ಹೋಗಿ ನೋಡಿದರೆ ಒಲೆಯಲ್ಲಿ ಉರಿಯಿಲ್ಲ. ಬೋಂಡದ ಮೊದಲ ಕಂತು ಎಣ್ಣೆಯ ತಳದಲ್ಲಿ ಬಿಳಿಚಿಕೊಂಡು ಕೂತಿತ್ತು. ಬೆಂದ ಬೋಂಡ ತೇಲುತ್ತದೆ, ಬೇಯದ್ದು ಮುಳುಗುತ್ತದೆ, ಸಾಂದ್ರತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ ಎಂದು ನನಗೆ ಹೊಳೆಯಿತು. ಹೇಳಲಿಲ್ಲ. "ನಾಗಮ್ಮನೋರ ಮನೆಗೆ ಓಡಲಾ?" ಎಂದೆ. "ಬೀಗ ಹಾಕಿದೆ. ಬೆಳಗ್ಗೆನೇ ತುಮಕೂರಿಗೆ ಹೋದ್ರು" ಎಂದಳು ಸರಸ, ಅದೇ ಮೃದು ದನಿಯಲ್ಲಿ. ಅಮ್ಮ ಬಂದು ನೋಡಿ ಮಣೆಯ ಮೇಲೆ ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು.

ಹಾಲಿಗೆ ಬಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ತಪ್ಪೊಪ್ಪಿಗೆಯಲ್ಲೂ ಸ್ವಲ್ಪ ಮರ್ಯಾದೆ ಉಳಿಯಲಿ ಎಂದು, "ಬುಧವಾರ ತಾನೇ ತೂಗಿದ್ದೆ, ಎರಡೂವರೆ ಕೆಜಿ ಇತ್ತು" ಎಂದು ಸೇರಿಸಿದೆ.

ನಂಜುಂಡಯ್ಯನವರ ಬೆನ್ನು ಇನ್ನಷ್ಟು ನೆಟ್ಟಗಾಯಿತು. "ತೂಗಿದ್ರಾ? ಯಾತರಲ್ಲಿ? ತನ್ನಿ ನೋಡೋಣ" ಎಂದರು. ಯಂತ್ರ ತಂದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಇಲಾಖೆ ಮುದ್ರೆನೇ ಇಲ್ಲ ಮೇಷ್ಟ್ರೇ. ನಾನು ಸರ್ವೀಸಲ್ಲಿದ್ದಿದ್ರೆ ಸೀಜ್ ಮಾಡಿ ತಗೊಂಡು ಹೋಗ್ತಿದ್ದೆ" ಎಂದರು. ಆದರೂ ಅವರಿಗೆ ಸಮಾಧಾನವಾಗಲಿಲ್ಲ. ಮುದ್ರೆ ಇಲ್ಲದಿದ್ದರೂ ಇಷ್ಟೊಂದು ತಪ್ಪು ಬರಬಾರದು ಎಂದು ತಲೆ ಕೆಡಿಸಿಕೊಂಡರು. "ಇಟ್ಟಿದ್ದು ಎಲ್ಲಿ, ಹೇಗೆ?" ಎಂದು ಕೇಳಿದರು.

"ಗೋಣಿಚೀಲದ ಮೇಲೆ. ನಾಲ್ಕು ಮಡಿಕೆ" ಎಂದಳು ವತ್ಸಲ ಅಡುಗೆಮನೆಯ ಬಾಗಿಲಿನಿಂದ. ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿ ಬರಬೇಕಾಗಿದ್ದ ಹುಡುಗಿ ಬರಿಗೈಯಲ್ಲಿ ಬಂದು ನಿಂತಿದ್ದಳು. "ಮೆತ್ತಗಿರೋದರ ಮೇಲಿಟ್ರೆ ಸರಿಯಾಗಿ ತೋರ್ಸಲ್ಲ ಅಂತ ನಂಗೆ ಅವತ್ತೇ ಅನ್ನಿಸ್ತು. ಅಣ್ಣ ಮೇಷ್ಟ್ರು ಅಂತ ಸುಮ್ನಾದೆ."

ಮುರಳಿ ಮೊದಲ ಸಲ ಚಪ್ಪಲಿಯಿಂದ ಕಣ್ಣೆತ್ತಿ ನೋಡಿದ. "ನಮ್ಮನೇಲೂ ಹಂಗೇ. ಅಪ್ಪ ಇನ್ಸ್‌ಪೆಕ್ಟ್ರು ಅಂತ ನಾವೆಲ್ಲ ಸುಮ್ನಾಗ್ತೀವಿ" ಎಂದ. ವತ್ಸಲ ನಕ್ಕಳು. ಆ ಹೊತ್ತಿನಲ್ಲಿ ನಗುವುದು ಸರಿಯಲ್ಲ ಎಂದು ನನಗೆ ಅನ್ನಿಸಿತಾದರೂ ಯಾರೂ ನನ್ನನ್ನು ಕೇಳಲಿಲ್ಲ.

ಹುಡುಗನ ತಾಯಿ ಹಸಿದಿದ್ದರು. "ಮುರಳಿ, ಹೊರಗಡೆ ಹೋಗಿ ಏನಾದ್ರೂ ಬಿಸಿಯಾಗಿ ಕಟ್ಟಿಸ್ಕೊಂಡು ಬಾರೋ" ಎಂದರು. ಅವನಿಗೆ ಈ ಕಡೆಯ ಬೀದಿ ಗೊತ್ತಿಲ್ಲ. "ನಾನು ತೋರಿಸ್ತೀನಿ" ಎಂದು ವತ್ಸಲ ಚಪ್ಪಲಿ ಮೆಟ್ಟಿಯೇಬಿಟ್ಟಳು. ಅಮ್ಮ ಬಾಯಿ ತೆರೆದಳು. "ಹೋಗ್ಬರಲಿ ಬಿಡಿ, ಇವರಿಬ್ರೂ ಇನ್ನು ಅದನ್ನ ತೂಗ್ದೇ ಬಿಡಲ್ಲ" ಎಂದು ಆ ತಾಯಿ ನಮ್ಮ ಕಡೆ ಕೈ ತೋರಿಸಿದರು.

ಅವರ ಮಾತು ಸುಳ್ಳಾಗಲಿಲ್ಲ. ನಂಜುಂಡಯ್ಯನವರು ಅಂಗಿಯ ತೋಳು ಮಡಿಸಿದರು. ಇಬ್ಬರೂ ಸೇರಿ ಸಿಲಿಂಡರನ್ನು ಹೊರತಂದು, ಗೋಣಿಚೀಲವಿಲ್ಲದೆ ಬರಿ ನೆಲದ ಮೇಲೆ ಯಂತ್ರವಿಟ್ಟು ತೂಗಿದೆವು. ಅಚ್ಚಿನಲ್ಲಿದ್ದಷ್ಟೇ ಬಂತು, ಮುಳ್ಳು ಅತ್ತಿತ್ತ ಅಲ್ಲಾಡಲಿಲ್ಲ. ಮತ್ತೆ ಗೋಣಿಚೀಲ ಹಾಸಿ ತೂಗಿದೆವು, ಎರಡು ಕೆಜಿಯಷ್ಟು ಹೆಚ್ಚು ತೋರಿಸಿತು. ನಂಜುಂಡಯ್ಯನವರು ನನ್ನ ಬೆನ್ನು ತಟ್ಟಿದರು. ಸಿಲಿಂಡರಿನಲ್ಲಿ ಗ್ಯಾಸು ಖಾಲಿಯಾಗಿದೆ ಎಂಬುದು, ಒಲೆ ಆರಿ ಮುಕ್ಕಾಲು ಗಂಟೆಯಾದ ಮೇಲೆ, ಹೀಗೆ ವೈಜ್ಞಾನಿಕವಾಗಿ ಸಾಬೀತಾಯಿತು. ಸರಸ ತಣ್ಣಗಿನ ಕೇಸರಿಬಾತನ್ನು ಹುಡುಗನ ತಾಯಿಯ ಮುಂದಿಟ್ಟು ನಮ್ಮನ್ನೇ ನೋಡುತ್ತ ನಿಂತಿದ್ದಳು. ಇಬ್ಬರು ಹೆಂಗಸರೂ ಏನೂ ಮಾತಾಡಲಿಲ್ಲ. ಆದರೆ ಅಷ್ಟರಲ್ಲೇ ಅವರಿಬ್ಬರಿಗೂ ಗಾಢವಾದ ಸ್ನೇಹ ಬೆಳೆದಿತ್ತು.

ಅಂಗಡಿ ನಮ್ಮ ಬೀದಿಯ ತುದಿಯಲ್ಲೇ ಇದೆ. ಹೋದವರು ಬರುವಾಗ ದೀಪ ಹಚ್ಚುವ ಹೊತ್ತಾಗಿತ್ತು, ಕಟ್ಟಿಸಿಕೊಂಡು ಬಂದದ್ದು ಆರಿಹೋಗಿತ್ತು. ಇಬ್ಬರೂ ಬೀದಿಯಿಂದಲೇ ಏನನ್ನೋ ಮಾತಾಡಿಕೊಂಡು ಬರುತ್ತಿದ್ದರು. ನಮ್ಮ ವತ್ಸಲ ಅಷ್ಟು ಮಾತಾಡಿದ್ದನ್ನು ಅಮ್ಮ ಅದೇ ಮೊದಲು ನೋಡಿದ್ದು. ಹೊರಡುವಾಗ ನಂಜುಂಡಯ್ಯನವರು "ತಿಳಿಸ್ತೀವಿ" ಎಂದು ಶುರುಮಾಡಿದರು. "ತಿಳಿಸೋದೇನಿದೆ, ದಿನ ನೋಡಿಸಿ" ಎಂದರು ಅವರ ಹೆಂಡತಿ.

ಮದುವೆ ಚೆನ್ನಾಗಿ ನಡೆಯಿತು, ಸಂಸಾರವೂ ಚೆನ್ನಾಗಿದೆ. ಈ ಕಥೆ ಬಂದಾಗಲೆಲ್ಲ ಎಲ್ಲರೂ ಗೋಣಿಚೀಲವನ್ನು ನೆನೆದು ನಗುತ್ತಾರೆ. ಗ್ಯಾಸು ಮುಗಿಯದೇ ಇದ್ದಿದ್ದರೆ ವತ್ಸಲ ತಲೆ ತಗ್ಗಿಸಿ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಳು, ಮುರಳಿ ಚಪ್ಪಲಿ ನೋಡಿಕೊಂಡೇ ಎದ್ದುಹೋಗುತ್ತಿದ್ದ, ಇದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮೊನ್ನೆ ನಾನೇ ಬಾಯಿಬಿಟ್ಟು ಸರಸಳಿಗೆ ಹೇಳಿದೆ. ನಾನು ಸರಿಯಾಗಿ ಅಳೆದಿದ್ದರೆ ಈ ಮದುವೆಯೇ ಆಗುತ್ತಿರಲಿಲ್ಲ ಎಂದೆ. ಅವಳು ಕೈಯಲ್ಲಿದ್ದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, "ಅಂದ್ರೆ ಬೇಕೂಂತಲೇ ತಪ್ಪು ಅಳೆದ್ರಾ?" ಎಂದು ಕೇಳಿದಳು. ಕೇಳಿದ ರೀತಿಯಲ್ಲಿ, ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ, ನನ್ನ ಬಗ್ಗೆ ಒಂದಿಷ್ಟು ಮೆಚ್ಚುಗೆ ಇದ್ದಂತೆ ಕಂಡಿತು. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಹೌದು ಎಂದುಬಿಡೋಣ ಎಂದಿದ್ದೇನೆ.